ಕಾಡಿನೊಳಗೆ ಮುಗಿಯುವ ರೈಲು ಹಳಿ

ಪ್ರಶ್ನೆ: ಅಮೆರಿಕದ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕರಾವಳಿಯ ಹಳೆಯ ಭೂಲಕ್ಷಣ ನಕ್ಷೆಯೊಂದನ್ನು ನೋಡುತ್ತಿದ್ದೇನೆ. ಕೆಲವು ರೈಲು ಹಳಿಗಳು ಊರೇ ಇಲ್ಲದ ಕಡೆ ಮುಗಿಯುತ್ತವೆ. ಕಡಲಂಚಿನಲ್ಲಿ ‘ಲ್ಯಾಂಡಿಂಗ್’ ಎಂದು ಕೊನೆಗೊಳ್ಳುವ ಹೆಸರುಗಳಿವೆ. ಇವು ತಪ್ಪುಗಳೆ? ಹಸಿರು ಬಣ್ಣವಿದ್ದಲ್ಲಿ ಹಳೆಯ ಕಾಡು ಉಳಿದಿತ್ತೆಂದು ತಿಳಿಯಬಹುದೆ?

ಉತ್ತರ: ತಪ್ಪುಗಳಲ್ಲ, ಆ ನಕ್ಷೆಯಲ್ಲಿ ಅತ್ಯಂತ ಬೆಲೆಯುಳ್ಳ ಗುರುತುಗಳೇ ಅವು. ಕಂದು ಬಣ್ಣದ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ಗೆರೆಗಳು) ಒತ್ತೊತ್ತಾಗಿರುವ ಕಡಿದಾದ ಕಣಿವೆಗಳಲ್ಲಿ, ಅಡ್ಡಗೀಟುಗಳಿರುವ ಕಪ್ಪು ಗೆರೆ ನೀಲಿ ಹೊಳೆಯನ್ನು ಬಿಟ್ಟಗಲದೆ ಸಾಗುವುದನ್ನು ಗಮನಿಸಿ. ರೆಡ್‌ವುಡ್ ಮರದ ಭಾರಿ ದಿಮ್ಮಿಗಳನ್ನು ಗಿರಣಿಗೆ ತರಲೆಂದು ಹಾಕಿದ ಹಳಿ ಅದು. ಒಂದು ಇಳಿಜಾರಿನ ಮರ ಮುಗಿದ ಮೇಲೆ ಕವಲು ಹಳಿಯನ್ನು ಕಿತ್ತು ಇನ್ನೊಂದೆಡೆ ಹಾಸುತ್ತಿದ್ದರು. ಇದೇ ಕರಾವಳಿಯ ಫೋರ್ಟ್ ಬ್ರ್ಯಾಗ್ ಊರಿನಿಂದ 1885ರಲ್ಲಿ ಆರಂಭವಾದ ಹಳಿ ಒಳನಾಡಿನ ವಿಲಿಟ್ಸ್ ತಲುಪಿದ್ದು 1911ರಲ್ಲಿ. ಆದ್ದರಿಂದ ಅದಕ್ಕೆ ಮೊದಲು ಅಳೆದ ನಕ್ಷೆಯಲ್ಲಿ ಆ ಹಳಿ ಕಾಡಿನ ನಡುವೆಯೇ ನಿಲ್ಲುವುದು ಸಹಜ.

‘ಲ್ಯಾಂಡಿಂಗ್’ ಎಂದರೆ ಹಡಗಿಗೆ ಸರಕು ತುಂಬುತ್ತಿದ್ದ ತಾಣ. ಈ ಕರಾವಳಿಯುದ್ದಕ್ಕೂ ಕಡಲಿಗೆ ಕಡಿದಾಗಿ ಇಳಿಯುವ ಬಂಡೆಗಳಿದ್ದು, ದೊಡ್ಡ ಬಂದರಿಗೆ ಜಾಗವಿರಲಿಲ್ಲ. ಚಿಕ್ಕ ಕೊಲ್ಲಿಗಳಲ್ಲಿ ಹಾಯಿಹಡಗುಗಳು ಲಂಗರು ಹಾಕಿ ನಿಂತರೆ, ಬಂಡೆಯ ಮೇಲಿನಿಂದ ಮರದ ಜಾರುಗಾಲುವೆಗಳ ಮೂಲಕ, ಮುಂದೆ ತಂತಿ ಹಗ್ಗಗಳ ಮೂಲಕ, ಹಲಗೆಗಳನ್ನು ಕೆಳಗಿಳಿಸುತ್ತಿದ್ದರು. ನಾಯಿಯೊಂದು ಹೊಕ್ಕು ತಿರುಗುವಷ್ಟೇ ಜಾಗ ಎಂಬ ಅರ್ಥದಲ್ಲಿ ನಾವಿಕರು ಇವುಗಳನ್ನು ‘ನಾಯಿಬಿಲ’ಗಳೆಂದು ಕರೆದರು. ಅಲೆಯ ಏರಿಳಿತದ ನಡುವೆ, ಅಂಥ ಇಕ್ಕಟ್ಟಿನಲ್ಲಿ, ಜಾರಿ ಬರುವ ಹಲಗೆಗಳನ್ನು ಹಿಡಿದು ಜೋಡಿಸಿದವರ ಶ್ರಮ ನಕ್ಷೆಯಲ್ಲಿ ಒಂದು ಹೆಸರಾಗಿ ಮಾತ್ರ ಉಳಿದಿದೆ ಎಂಬುದು ನನ್ನನ್ನು ಪ್ರತಿ ಸಲವೂ ತಟ್ಟುತ್ತದೆ.

ಹಸಿರಿನ ವಿಷಯದಲ್ಲಿ ಎಚ್ಚರ ಬೇಕು. ಅದು ಮರಗಳಿವೆ ಎಂದಷ್ಟೇ ಹೇಳುತ್ತದೆ. ಕಡಿದ ಮೇಲೆ ಚಿಗುರಿ ಬೆಳೆದ ಕಾಡಿಗೂ ಸಾವಿರ ವರ್ಷದ ಮರಗಳಿಗೂ ಒಂದೇ ಬಣ್ಣ. ನಕ್ಷೆಯ ಅಂಚಿನಲ್ಲಿ ಅಳೆದ ವರ್ಷ ಮತ್ತು ಮುದ್ರಿಸಿದ ವರ್ಷ ಬೇರೆಬೇರೆಯಾಗಿರಬಹುದು. ನಿಮ್ಮ ಪ್ರಶ್ನೆಗೆ ಬೇಕಾದುದು ಅಳೆದ ವರ್ಷ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ಸಂಸ್ಥೆ ಹಳೆಯ ನಕ್ಷೆಗಳ ಪ್ರತಿಗಳನ್ನು ಉಚಿತವಾಗಿ ಒದಗಿಸುತ್ತದೆ. 1:62,500 ಪ್ರಮಾಣದ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 625 ಮೀಟರ್. ಅದರ ಪಕ್ಕದಲ್ಲಿ ಅದೇ ಪ್ರದೇಶದ ನಂತರದ, ಇನ್ನೂ ವಿವರವಾದ 1:24,000 ಪ್ರಮಾಣದ ಹಾಳೆಯನ್ನಿಟ್ಟು, ಹಳಿಯಿದ್ದ ಅದೇ ಹೊಳೆಯ ದಡದಲ್ಲಿ ಈಗ ರಸ್ತೆಯ ಗೆರೆಯಿದೆಯೇ ಎಂದು ನೋಡಿ.