ಹಳೇ ಡೆಸ್ಕ್‌ಟಾಪ್‌ಗೆ (ನಾಲ್ಕನೇ ತಲೆಮಾರಿನ ಐ5, ಎಚ್81 ಮದರ್‌ಬೋರ್ಡ್, 300 ವ್ಯಾಟ್ ಎಸ್‌ಎಂಪಿಎಸ್ ಅಂದರೆ ಪವರ್ ಸಪ್ಲೈ, ವಿಜಿಎ ಮಾನಿಟರ್) ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಬಹುದು? ಊರು ದಾವಣಗೆರೆ.

ಕಾರ್ಡ್ ಆಮೇಲೆ, ಮೊದಲು ಎಸ್‌ಎಂಪಿಎಸ್ ನೋಡಿ. ಕಾರ್ಡ್ ಕೂರುವ ಬೋರ್ಡಿನ ಸ್ಲಾಟ್ ಕೊಡೋದು ಹೆಚ್ಚೆಂದರೆ 75 ವ್ಯಾಟ್. ಎಸ್‌ಎಂಪಿಎಸ್‌ನಿಂದ ನೇರ ಕಾರ್ಡಿಗೆ ಹೋಗುವ 6 ಪಿನ್ ಕೇಬಲ್ ಇದ್ದರೆ ಇನ್ನೊಂದು 75, 8 ಪಿನ್ ಆದರೆ 150. ಹಳೇ 300 ವ್ಯಾಟಿನವುಗಳಲ್ಲಿ ಸಾಮಾನ್ಯವಾಗಿ ಈ ಕೇಬಲ್‌ಗಳೇ ಇರಲ್ಲ. ಮೋಲೆಕ್ಸ್ (ಹಳೇ 4 ಪಿನ್ ಪವರ್ ಪ್ಲಗ್) ಕನ್ವರ್ಟರ್ ಸಿಕ್ಕಿಸಿ ದೊಡ್ಡ ಕಾರ್ಡ್ ಓಡಿಸೋಕೆ ಹೋಗಬೇಡಿ; ಗೇಮ್ ಶುರುವಾಗಿ ಲೋಡ್ ಏರಿದಾಗ ಸಿಸ್ಟಂ ಆಫ್ ಆಗುತ್ತೆ, ಕನೆಕ್ಟರ್ ಕರಗೋದೂ ಉಂಟು.

ಸ್ಲಾಟಿನ ಕರೆಂಟಲ್ಲೇ ಓಡುವಂಥದ್ದು ಬೇಕು: ಜಿಟಿಎಕ್ಸ್ 1650 (75 ವ್ಯಾಟ್) ಅಥವಾ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ (70 ವ್ಯಾಟ್). 1650ರಲ್ಲಿ 6 ಪಿನ್ ಕೇಳುವವೂ ಇವೆ, ಕಾರ್ಡಿನ ಮೇಲಂಚು ನೋಡಿಯೇ ದುಡ್ಡು ಕೊಡಿ. ನಿಮ್ಮ ಸಿಪಿಯುಗೆ ನನ್ನ ಆಯ್ಕೆ ಸೆಕೆಂಡ್‌ಹ್ಯಾಂಡ್ 1650. ಆರ್‌ಎಕ್ಸ್ 6400 ಬೇಡ. ಅದು ಬಳಸೋದು 4 ಲೇನ್ (ಡೇಟಾ ಓಡಾಡುವ ದಾರಿ) ಮಾತ್ರ, ಎಚ್81 ಸ್ಲಾಟೋ ಜೆನ್ 2, ಅಂದರೆ ನಿಧಾನದ ಹಳೇ ತಲೆಮಾರಿನದು. ಕಾರ್ಡಿನ ತಾಕತ್ತು ಅಲ್ಲೇ ಸೋರಿಹೋಗುತ್ತೆ.

ಈ ಕಾರ್ಡ್‌ಗಳಲ್ಲಿ ವಿಜಿಎ ಪೋರ್ಟ್ ಇರಲ್ಲ, ಎಚ್‌ಡಿಎಂಐನಿಂದ ವಿಜಿಎಗೆ ಆಕ್ಟಿವ್ ಅಡಾಪ್ಟರ್ (ಒಳಗೆ ಸಿಗ್ನಲ್ ಬದಲಿಸುವ ಚಿಪ್ ಇರುವಂಥದ್ದು) ತಗೊಳ್ಳಿ. ಸ್ಲಿಮ್ ಕ್ಯಾಬಿನೆಟ್ ಆದರೆ ಎತ್ತರ ಕಡಿಮೆ ಇರುವ ಲೋ ಪ್ರೊಫೈಲ್ ಮಾದರಿಯೇ ಆಗಬೇಕು.

ಹೊಸ ಕಾರ್ಡ್ ಹಾಕೋ ಮೊದಲೇ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಹಳೇ ಕಾರ್ಡ್ ಇದ್ದರೆ ಆ ಕಾರ್ಡಿನ ಡ್ರೈವರ್ ತೆಗೆದುಹಾಕಿ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಸ್ಲಾಟಿನ ಲಾಕ್ ಸರಿಸಿ ಹೊಸದನ್ನು ಟಕ್ ಅನ್ನುವವರೆಗೂ ಕೂರಿಸಿ, ಸ್ಕ್ರೂ ಬಿಗಿ ಮಾಡಿ. ಮಾನಿಟರ್ ಕೇಬಲ್ ಕಾರ್ಡಿಗೇ ಹೋಗಬೇಕು, ಬೋರ್ಡಿಗಲ್ಲ. "ಡಿಸ್‌ಪ್ಲೇ ಬರ್ತಿಲ್ಲ" ಅನ್ನೋ ದೂರಿಗೆ ಎಷ್ಟೋ ಸಲ ಇದೇ ಕಾರಣ. ಕ್ಯಾಬಿನೆಟ್ ತೆರೆದಾಗಲೇ ಧೂಳು ಊದಿ, ಹಿಂದೆ 120 ಎಂಎಂ ಫ್ಯಾನ್ ಒಂದು ಹಾಕಿ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೇಕೇ ಬೇಕು.