ಸದ್ದು ಬರುವುದು ಉಸಿರು ಎಳೆದಾಗಲೋ, ಬಿಟ್ಟಾಗಲೋ?

ಓದುಗರ ಪ್ರಶ್ನೆ, ವೈದ್ಯರ ಉತ್ತರ: ಗಂಟಲು ಮತ್ತು ಉಸಿರಾಟ

ಪ್ರಶ್ನೆ: ಆರು ತಿಂಗಳಿಂದ ಗಂಟಲಲ್ಲಿ ಏನೋ ಉಂಡೆ ಸಿಕ್ಕಿಕೊಂಡ ಹಾಗಿದೆ. ಉಗುಳು ನುಂಗಿದರೆ ಜಾಸ್ತಿ, ಊಟ ಮಾಡುವಾಗ ಏನೂ ಗೊತ್ತಾಗುವುದಿಲ್ಲ. ಕಳೆದ ತಿಂಗಳು ಎರಡು ಸಲ ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂತೆ. ವಯಸ್ಸು 44. ಕ್ಯಾನ್ಸರ್ ಇರಬಹುದಾ ಡಾಕ್ಟ್ರೇ?
— ಓದುಗರು, ಮೂಡಿಗೆರೆ

ಉತ್ತರ: ‘ಊಟ ಮಾಡುವಾಗ ಗೊತ್ತಾಗುವುದಿಲ್ಲ’ ಎಂದು ಬರೆದಿದ್ದೀರಲ್ಲ, ಧೈರ್ಯ ಕೊಡುವ ಮಾತು ಅದೇ. ಗೆಡ್ಡೆಯಿದ್ದರೆ ಸಾಮಾನ್ಯವಾಗಿ ಮೊದಲು ರೊಟ್ಟಿ, ಮಾಂಸದಂಥ ಗಟ್ಟಿ ಪದಾರ್ಥ ಇಳಿಯುವುದಿಲ್ಲ, ಆಮೇಲೆ ಗಂಜಿಗೂ ತೊಂದರೆ. ನಿಮ್ಮದು ತದ್ವಿರುದ್ಧ. ಇದಕ್ಕೆ ಗ್ಲೋಬಸ್ ಎನ್ನುತ್ತಾರೆ. ಅನ್ನನಾಳದ ಮೇಲ್ತುದಿಯ ಸ್ನಾಯು ಬಿಗಿದುಕೊಳ್ಳುವುದು, ಹೊಟ್ಟೆಯ ಆಮ್ಲ ಗಂಟಲವರೆಗೆ ಏರುವುದು, ಚಿಂತೆ, ಇವೆಲ್ಲ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಎದೆಯುರಿ ಇಲ್ಲದವರಿಗೂ ಆಮ್ಲ ಏರಬಹುದು.

ನಡುರಾತ್ರಿ ಆಗಿದ್ದಕ್ಕೂ ಅದೇ ಕಾರಣ ಇರುವ ಸಾಧ್ಯತೆ ಇದೆ. ಆಮ್ಲ ಧ್ವನಿಪೆಟ್ಟಿಗೆಗೆ ತಾಗಿದರೆ ಧ್ವನಿತಂತುಗಳು ಪಟ್ಟನೆ ಮುಚ್ಚಿಕೊಳ್ಳುತ್ತವೆ. ಆಗ ಗಾಬರಿಯಿಂದ ಬಾಯಿ ತೆರೆದು ಜೋರಾಗಿ ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಎದ್ದು ಕೂತು, ಬಾಯಿ ಮುಚ್ಚಿ, ಹೂವು ಮೂಸಿದಂತೆ ಮೂಗಿನಿಂದ ಸ್ವಲ್ಪಸ್ವಲ್ಪವೇ ಎಳೆದುಕೊಳ್ಳಿ. ತುಟಿ ಚೂಪು ಮಾಡಿ ನಿಧಾನವಾಗಿ ಬಿಡಿ. ಬಹುಪಾಲು ಒಂದೆರಡು ನಿಮಿಷದೊಳಗೆ ಸಡಿಲವಾಗುತ್ತದೆ. ಜೋರು ಗೊರಕೆಯಿದ್ದು ಹಗಲೆಲ್ಲ ತೂಕಡಿಕೆ ಬರುತ್ತಿದ್ದರೆ ಅದು ಬೇರೆಯೇ ವಿಷಯ, ವೈದ್ಯರಿಗೆ ಮರೆಯದೆ ಹೇಳಿ.

ರಾತ್ರಿ ಊಟಕ್ಕೂ ಮಲಗುವುದಕ್ಕೂ 3 ಗಂಟೆ ಅಂತರವಿರಲಿ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು 15ರಿಂದ 20 ಸೆಂ.ಮೀ. ಎತ್ತರಿಸಿ. ದಿಂಬು ಪೇರಿಸಿದರೆ ಹೊಟ್ಟೆ ಮಡಚಿಕೊಂಡು ಆಮ್ಲ ಹೆಚ್ಚೇ ಏರುತ್ತದೆ. ಕಾಫಿ ನಾಡಿನವರಿಗೆ ಕಾಫಿ ಬಿಡಿ ಎನ್ನುವುದು ಕಷ್ಟ; ಸಂಜೆಯ ನಂತರದ ಲೋಟ ಮಾತ್ರ ಬಿಟ್ಟು ನೋಡಿ. ಪದೇ ಪದೇ ಕ್ಯಾಕರಿಸಬೇಡಿ, ಕ್ಯಾಕರಿಸಿದಷ್ಟೂ ಗಂಟಲು ಊದಿ ಉಂಡೆ ಇನ್ನೂ ದಪ್ಪವೆನಿಸುತ್ತದೆ. ಒಂದು ಗುಟುಕು ನೀರು ಕುಡಿಯಿರಿ.

ಇಷ್ಟಾದರೂ ಒಮ್ಮೆ ಇಎನ್‌ಟಿ ವೈದ್ಯರಲ್ಲಿ ಕ್ಯಾಮೆರಾ ಹಾಕಿಸಿ ನೋಡಿಸಿ. ಧ್ವನಿ 3 ವಾರ ಮೀರಿ ಒಡೆದಿದ್ದರೆ, ಒಂದೇ ಕಿವಿ ನೋಯುತ್ತಿದ್ದರೆ, ಕತ್ತಿನಲ್ಲಿ ಗಂಟು, ಉಗುಳಲ್ಲಿ ರಕ್ತ ಅಥವಾ ತೂಕ ಇಳಿಕೆ ಇದ್ದರೆ ತಡ ಮಾಡುವಂತಿಲ್ಲ. ಎಲೆಅಡಿಕೆ, ಹೊಗೆಸೊಪ್ಪು, ಬೀಡಿ ಅಭ್ಯಾಸವಿದ್ದವರಂತೂ ಆ ವಾರವೇ ಹೋಗಬೇಕು.

ಪ್ರಶ್ನೆ: ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಗಾರ್ಬ್ಲಿಂಗ್ ಕೆಲಸ ನನ್ನದು. ಸಂಜೆಯಾದರೆ ಎದೆ ಬಿಗಿದು ಸುಂಯ್ ಸುಂಯ್ ಅನ್ನುತ್ತದೆ, ಮೂಗು ಸೋರುತ್ತದೆ. ರಜೆ ಹಾಕಿ ಊರಿಗೆ ಹೋದರೆ ಇರುವುದಿಲ್ಲ. ಎಳೆದುಕೊಳ್ಳುವ ಪಂಪ್ (ಇನ್ಹೇಲರ್) ಕೊಟ್ಟಿದ್ದಾರೆ, ಅಷ್ಟೇನೂ ಗುಣ ಕಾಣಲಿಲ್ಲ. ಅಭ್ಯಾಸವಾಗಿಬಿಡುತ್ತದೆ ಎಂದು ಹೆದರಿಕೆ ಬೇರೆ.
— ಓದುಗರು, ಹಾಸನ

ಉತ್ತರ: ಸುಂಯ್ ಸದ್ದು ಉಸಿರು ಬಿಡುವಾಗ ಬಂದರೆ ತೊಂದರೆ ಎದೆಯೊಳಗಿನ ಸಣ್ಣ ಶ್ವಾಸನಾಳಗಳಲ್ಲಿ, ಎಳೆದುಕೊಳ್ಳುವಾಗ ಬಂದರೆ ಗಂಟಲಲ್ಲಿ ಅಥವಾ ಧ್ವನಿಪೆಟ್ಟಿಗೆಯಲ್ಲಿ. ನಿಮ್ಮದು ಬಹುಶಃ ಮೊದಲನೆಯದು, ಕೆಲಸದಿಂದ ಬಂದ ಅಸ್ತಮಾ. ಹುರಿಯದ ಕಾಫಿ ಬೀಜದ ದೂಳು ಅಲರ್ಜಿ ತರುತ್ತದೆ ಎಂಬುದು ವೈದ್ಯಲೋಕಕ್ಕೆ ಹಳೆಯ ವಿಷಯ. ಹುರಿದ ಮೇಲೆ ಬಿಸಿಗೆ ಆ ಗುಣ ಬಹಳ ಮಟ್ಟಿಗೆ ಹೋಗುತ್ತದೆ. ಹಿಂದೆ ಹರಳು ಬೀಜ (ಔಡಲ) ತುಂಬಿದ್ದ ಗೋಣಿಚೀಲಕ್ಕೇ ಕಾಫಿ ತುಂಬಿದ್ದರೆ ಇನ್ನೂ ಕೆಟ್ಟದ್ದು, ಹರಳಿನ ದೂಳು ಅದಕ್ಕಿಂತ ಖಾರ.

ಖಚಿತ ಮಾಡಿಕೊಳ್ಳಲು ಒಂದು ಪೀಕ್ ಫ್ಲೋ ಮೀಟರ್ ಸಾಕು, ಉಸಿರನ್ನು ಎಷ್ಟು ಜೋರಾಗಿ ಊದುತ್ತೀರೆಂದು ಅಳೆಯುವ ಸಣ್ಣ ಸಾಧನ ಅದು. ಎದ್ದಾಗ, ಮಧ್ಯಾಹ್ನ, ಕೆಲಸ ಬಿಟ್ಟಾಗ, ಮಲಗುವಾಗ, ಹೀಗೆ ದಿನಕ್ಕೆ ನಾಲ್ಕು ಹೊತ್ತು ಊದಿ. ಪ್ರತಿ ಹೊತ್ತೂ ಮೂರು ಸಲ ಊದಿ ಹೆಚ್ಚಿನದನ್ನು ಬರೆದಿಡಿ. ಒಟ್ಟು 4 ವಾರ ಮಾಡಿ. ಅದರಲ್ಲಿ ಸತತವಾಗಿ ಕೆಲವು ರಜಾದಿನಗಳೂ ಇರಲಿ, ಒಂದು ಭಾನುವಾರದಲ್ಲಿ ಶ್ವಾಸನಾಳ ಪೂರಾ ಸುಧಾರಿಸಿಕೊಳ್ಳುವುದಿಲ್ಲ. ರಜೆಯಲ್ಲಿ 380 ಬಂದು ಕೆಲಸದ ದಿನಗಳಲ್ಲಿ 300ಕ್ಕೆ ಇಳಿಯುತ್ತಿದ್ದರೆ ಉತ್ತರ ಅಲ್ಲೇ ಇದೆ. ಆ ಹಾಳೆ ಹಿಡಿದು ವೈದ್ಯರಲ್ಲಿಗೆ ಹೋಗಿ ಸ್ಪೈರೋಮೆಟ್ರಿ (ಯಂತ್ರಕ್ಕೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸಿ.

ಪಂಪ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಬಹಳ ಮಂದಿಗೆ ಔಷಧಿ ಎದೆಗೆ ಇಳಿದೇ ಇರುವುದಿಲ್ಲ, ನಾಲಗೆ ಮೇಲೆ ಉಳಿದಿರುತ್ತದೆ. ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ, ಸ್ಪೇಸರ್, ಕೊಳ್ಳಿ. ಪಂಪನ್ನು ಚೆನ್ನಾಗಿ ಅಲುಗಿಸಿ ಸ್ಪೇಸರ್‌ಗೆ ಸಿಕ್ಕಿಸಿ, ಉಸಿರು ಪೂರ್ತಿ ಹೊರಗೆ ಬಿಡಿ, ಬಾಯಿಗಿಟ್ಟು ತುಟಿ ಮುಚ್ಚಿ, ಒಂದೇ ಸಲ ಒತ್ತಿ 4–5 ಸೆಕೆಂಡು ನಿಧಾನವಾಗಿ ಎಳೆದು, 10 ಸೆಕೆಂಡು ಹಿಡಿದುಕೊಳ್ಳಿ. ಎರಡನೆಯದು ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಿಸಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರ್ ಗೋಡೆಗೇ ಅಂಟುತ್ತದೆ. ಗುಳಿಗೆ ಹಾಕಿ ಎಳೆಯುವ ಪುಡಿ ಇನ್ಹೇಲರ್ ಆದರೆ ಪದ್ಧತಿ ಉಲ್ಟಾ, ಜೋರಾಗಿ ಎಳೆಯಬೇಕು. ಸ್ಪೇಸರನ್ನು ಸೋಪು ನೀರಲ್ಲಿ ತೊಳೆದು ತಾನಾಗಿ ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ವಿದ್ಯುದಂಶ ಹುಟ್ಟಿ ಔಷಧಿಯನ್ನು ಹಿಡಿದಿಡುತ್ತದೆ.

ಅಭ್ಯಾಸವಾಗುವ ಔಷಧಿ ಇದಲ್ಲ. ಸ್ಟೆರಾಯ್ಡ್ ಇರುವ ಪಂಪ್ ಆದರೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲದಿದ್ದರೆ ಬಾಯಲ್ಲಿ ಬೂಷ್ಟಿನ ಬಿಳಿ ಚುಕ್ಕೆ ಏಳಬಹುದು, ಧ್ವನಿಯೂ ಒಡೆಯಬಹುದು.

ಸೆರಗು, ಕರವಸ್ತ್ರ ಕಟ್ಟಿಕೊಂಡರೆ ಸಣ್ಣ ದೂಳು ನಿಲ್ಲುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಅದಕ್ಕಿಂತ ಮೇಲು, ಚೀಲ ಸುರಿಯುವ ಕಡೆಯಿಂದ, ಒಣಗುಡಿಸುವ ಕಡೆಯಿಂದ ದೂರದ ಕೆಲಸ ಕೇಳಿ ಪಡೆಯುವುದು. ಪಂಪ್ ಎಳೆದುಕೊಂಡು ಅದೇ ದೂಳಲ್ಲಿ ವರ್ಷಗಟ್ಟಲೆ ಕೂತರೆ, ಕೆಲಸ ಬಿಟ್ಟ ಮೇಲೂ ಅಸ್ತಮಾ ಉಳಿದುಬಿಡಬಹುದು.

ಪ್ರಶ್ನೆ: ಎರಡು ವರ್ಷದ ಮಗುವಿಗೆ ಶೀತವಾಗಿ, ರಾತ್ರಿ ನಾಯಿ ಬೊಗಳಿದಂತೆ ಕೆಮ್ಮು. ಉಸಿರು ಎಳೆಯುವಾಗ ಕರ್ಕಶ ಸದ್ದು. ಬಿಸಿ ಆವಿ ಕೊಡಬಹುದೇ?
— ಓದುಗರು, ಕೊಪ್ಪ

ಉತ್ತರ: ಬೇಡ. ಆವಿಯಿಂದ ಲಾಭವೆಂದು ಸಾಬೀತಾಗಿಲ್ಲ, ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಅಪಾಯವಂತೂ ಇದ್ದೇ ಇದೆ. ಇದು ಕ್ರೂಪ್ ಇರಬಹುದು: ವೈರಸ್‌ನಿಂದ ಧ್ವನಿಪೆಟ್ಟಿಗೆಯ ಕೆಳಭಾಗ ಊದಿಕೊಳ್ಳುವುದು. ಮಗು ಅತ್ತಷ್ಟೂ ಉಸಿರಿನ ದಾರಿ ಕಿರಿದಾಗುತ್ತದೆ, ಆದ್ದರಿಂದ ತೊಡೆ ಮೇಲೆ ನೆಟ್ಟಗೆ ಕೂರಿಸಿಕೊಂಡು ಸಮಾಧಾನ ಮಾಡಿ. ಅದೇ ದಿನ ವೈದ್ಯರಿಗೆ ತೋರಿಸಿ; ಒಂದೇ ಡೋಸ್ ಡೆಕ್ಸಾಮೆಥಾಸೋನ್ ಬಹುತೇಕ ಮಕ್ಕಳಿಗೆ ಸಾಕಾಗುತ್ತದೆ.

ಸುಮ್ಮನೆ ಕೂತಾಗಲೂ ಸದ್ದು ಬಂದರೆ, ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ ರಾತ್ರಿಯೇ 108ಕ್ಕೆ ಫೋನ್ ಮಾಡಿ. ಮಲೆನಾಡಿನ ರಸ್ತೆಯಲ್ಲಿ ಆಂಬುಲೆನ್ಸ್ ಬರುವುದಕ್ಕೂ ಹೊತ್ತು ಬೇಕು, ಬೆಳಗಾಗಲಿ ಎಂದು ಕಾಯಬೇಡಿ. ಜೊಲ್ಲು ಸುರಿಸುತ್ತಾ, ಜೋರು ಜ್ವರದಲ್ಲಿ ಮುಂದಕ್ಕೆ ಬಾಗಿ ಕೂತಿದ್ದರೆ ಚಮಚ ಹಾಕಿ ಗಂಟಲು ನೋಡಲೇಬಾರದು, ದಾರಿ ಪೂರ್ತಿ ಮುಚ್ಚಿಹೋಗಬಹುದು. ಶೀತ, ಜ್ವರ ಏನೂ ಇಲ್ಲದೆ ಆಟವಾಡುತ್ತಿದ್ದಾಗ ದಿಢೀರನೆ ಶುರುವಾದ ಕೆಮ್ಮಾದರೆ ಕಡಲೆಬೀಜವೋ ಅಡಿಕೆ ಚೂರೋ ಒಳಗೆ ಹೋಗಿರಬಹುದು. ಇವು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎಕ್ಸ್‌ರೇ ಸರಿಯಿದೆ ಎಂದು ಬಿಡದೆ, ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕ್ಯಾಮೆರಾ ಹಾಕಿ ನೋಡುವುದು) ಬೇಕೇ ಎಂದು ಕೇಳಿ.

ಪ್ರಶ್ನೆ: ತೋಟದಲ್ಲಿ ಕಣಜ ಕಚ್ಚಿ ಒಬ್ಬರಿಗೆ ಗಂಟಲು ಕಟ್ಟಿತು. ಏವಿಲ್ ಮಾತ್ರೆ ಕೊಟ್ಟೆವು. ಸರಿಯೇ?
— ಓದುಗರು, ಸಕಲೇಶಪುರ

ಉತ್ತರ: ಮಾತ್ರೆ ತುರಿಕೆ, ದದ್ದಿಗೆ ಸರಿ. ಗಂಟಲು ಬಿಗಿತ, ಧ್ವನಿ ಬದಲಾವಣೆ, ತಲೆ ಸುತ್ತು ಬಂದ ಮೇಲೆ ಅದನ್ನು ನೆಚ್ಚುವಂತಿಲ್ಲ. ಅಲ್ಲಿ ಕೆಲಸ ಮಾಡುವುದು ಅಡ್ರಿನಲಿನ್ ಚುಚ್ಚುಮದ್ದು, ದೊಡ್ಡವರಿಗೆ 0.5 ಮಿ.ಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿಕೊಂಡೇ ಹೊರಡಿ. ಅವರನ್ನು ನಡೆಸಬೇಡಿ, ಕಾಲು ಎತ್ತರಿಸಿ ಮಲಗಿಸಿ, ಉಸಿರಿಗೆ ಕಷ್ಟವಾದರೆ ಕಾಲು ಚಾಚಿ ಕೂರಿಸಿ. ಚುಚ್ಚುಮದ್ದಿನಿಂದ ಹುಷಾರಾದರೂ ತಕ್ಷಣ ಮನೆಗೆ ಕರೆದುಕೊಂಡು ಬರಬೇಡಿ. ಕೆಲವು ಗಂಟೆ ಬಿಟ್ಟು ಊತ ಮತ್ತೆ ಬರುವುದುಂಟು, ಅಷ್ಟು ಹೊತ್ತು ಆಸ್ಪತ್ರೆಯಲ್ಲೇ ಇರಲಿ.