ಹಗುರಾದದ್ದು ಯಾರಿಗೆ?

ಮಲ್ಲೇಶ್ವರದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ 'ಇಟಲಿ ತನ್ನ ಐಆರ್‌ಐ ಎಂಬ ದೈತ್ಯ ಸರ್ಕಾರಿ ಸಂಸ್ಥೆಯನ್ನು ಮಾರಿ ಹಗುರಾಯಿತು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ 31 ವರ್ಷ ದುಡಿದವನು. ಸ್ವಯಂ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿಸಿಕೊಂಡ ದಿನ ನಮ್ಮನ್ನೂ 'ಭಾರ' ಎಂದೇ ಕರೆದರು. ಆ ಸಂಸ್ಥೆ ಹೇಗೆ ಬೆಳೆಯಿತು, ಮಾರಿದ ಮೇಲೆ ಏನಾಯಿತು? ಹಗುರಾದದ್ದು ಯಾರಿಗೆ?"

ಮಾನ್ಯರೇ,

ಆ ಸಾಲು ಬರೆದವನು ನಾನೇ. ನಿಮ್ಮ ಪತ್ರ ಓದಿದ ಮೇಲೆ ಅದನ್ನು ಮತ್ತೆ ನೋಡಿದೆ; ಅವಸರದ ಮಾತು, ಅರ್ಧ ಸತ್ಯ. ತಿದ್ದುಪಡಿಯೆಂದು ಎರಡು ಸಾಲು ಅಚ್ಚು ಹಾಕಿದರೆ ಸಾಲದು, ಇಡೀ ಕಥೆಯನ್ನೇ ಹೇಳಬೇಕು ಎನ್ನಿಸಿತು.

ಐಆರ್‌ಐ ಎಂದರೆ ಕೈಗಾರಿಕಾ ಪುನರ್ನಿರ್ಮಾಣ ಸಂಸ್ಥೆ. ಹುಟ್ಟಿದ್ದು 1933ರ ಜನವರಿಯಲ್ಲಿ, ಮುಸೊಲಿನಿಯ ಆಳ್ವಿಕೆಯಲ್ಲಿ. ಸರ್ಕಾರವೇ ಕಾರ್ಖಾನೆ ನಡೆಸಬೇಕೆಂಬ ಸಂಕಲ್ಪದಿಂದ ಯಾರೂ ಅದನ್ನು ಕಟ್ಟಲಿಲ್ಲ. ಇಟಲಿಯ ಮೂರು ದೊಡ್ಡ ಬ್ಯಾಂಕುಗಳು ಜನರ ಠೇವಣಿಯನ್ನು ಕಾರ್ಖಾನೆಗಳ ಷೇರಿಗೆ ಸುರಿದಿದ್ದವು. ಜಗತ್ತಿನ ಆರ್ಥಿಕ ಕುಸಿತದಲ್ಲಿ ಆ ಷೇರುಗಳು ಬಿದ್ದಾಗ ಬ್ಯಾಂಕುಗಳೂ ಮುಳುಗುವ ಸ್ಥಿತಿಗೆ ಬಂದವು. ಅವುಗಳನ್ನು ಉಳಿಸಲು ಸರ್ಕಾರ ಆ ಷೇರುಗಳನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಿತು. ಉಕ್ಕು, ಹಡಗು, ದೂರವಾಣಿ, ಕೊನೆಗೆ ಆ ಬ್ಯಾಂಕುಗಳು ಕೂಡ ಒಂದೇ ಸಂಸ್ಥೆಯ ಒಡೆತನಕ್ಕೆ ಬಂದವು. ಮೊದಲ ಅಧ್ಯಕ್ಷ ಆಲ್ಬೆರ್ತೊ ಬೆನೆದೂಚೆ ಹಳೆಯ ಸಮಾಜವಾದಿ. ತನ್ನ ಮಗಳೊಬ್ಬಳಿಗೆ 'ಹೊಸ ಸಮಾಜವಾದಿ ಚಿಂತನೆ' ಎಂಬ ಅರ್ಥದ ಹೆಸರಿಟ್ಟಿದ್ದ ಮನುಷ್ಯ. ತಾತ್ಕಾಲಿಕ ಏರ್ಪಾಡಾಗಿದ್ದ ಸಂಸ್ಥೆಯನ್ನು 1937ರಲ್ಲಿ ಕಾಯಂಗೊಳಿಸಲಾಯಿತು.

ಅದರ ರಚನೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದಿನ ಏಳುಬೀಳಿನ ಗುಟ್ಟು ಅಲ್ಲಿಯೇ ಇದೆ. ಮೇಲೆ ಐಆರ್‌ಐ. ಅದರ ಕೆಳಗೆ ಒಂದೊಂದು ಕ್ಷೇತ್ರಕ್ಕೆ ಒಂದೊಂದು ಹೋಲ್ಡಿಂಗ್ ಕಂಪನಿ, ಅಂದರೆ ಬೇರೆ ಕಂಪನಿಗಳ ಷೇರು ಹಿಡಿದು ಅವುಗಳನ್ನು ನಿಯಂತ್ರಿಸುವ ಕಂಪನಿ: ಉಕ್ಕಿಗೆ ಫಿನ್‌ಸಿಡೆರ್, ದೂರವಾಣಿಗೆ ಸ್ಟೆಟ್, ಯಂತ್ರೋಪಕರಣಕ್ಕೆ ಫಿನ್‌ಮೆಕ್ಕಾನಿಕಾ. ಅವುಗಳ ಕೆಳಗೆ ಕಾರ್ಖಾನೆಗಳು. ಕೆಳಗಿನ ಕಂಪನಿಗಳಲ್ಲಿ ಖಾಸಗಿ ಷೇರುದಾರರೂ ಇರುತ್ತಿದ್ದರು, ಅವುಗಳ ಷೇರು ಪೇಟೆಯಲ್ಲಿ ಬಿಕರಿಯಾಗುತ್ತಿತ್ತು. ಸರ್ಕಾರದ ಬಂಡವಾಳ ಮತ್ತು ಪೇಟೆಯ ಲೆಕ್ಕ ಒಂದೇ ಮನೆಯಲ್ಲಿ ಬಾಳಿದ ಏರ್ಪಾಡು ಅದು.

ಯುದ್ಧದ ನಂತರದ ಇಪ್ಪತ್ತು ವರ್ಷ ಅದು ನಿಜಕ್ಕೂ ಚೆನ್ನಾಗಿ ಬಾಳಿತು. ಜಿನೋವಾದ ಬಳಿಯ ಕೊರ್ನಿಲ್ಯಾನೊದಲ್ಲಿ ಎದ್ದ ಆಧುನಿಕ ಉಕ್ಕಿನ ಕಾರ್ಖಾನೆ ಇಟಲಿಯ ಕಾರು ಮತ್ತು ಫ್ರಿಜ್ ತಯಾರಕರಿಗೆ ತಗಡು ಒದಗಿಸಿತು. ಮಿಲಾನಿನಿಂದ ನೇಪಲ್ಸ್‌ವರೆಗಿನ ಹೆದ್ದಾರಿಯನ್ನು 1956ರಲ್ಲಿ ಆರಂಭಿಸಿ 1964ರಲ್ಲಿ ಮುಗಿಸಿದರು. ಎಂಟೇ ವರ್ಷ! ಒಂದು ಮೇಲ್ಸೇತುವೆಗೆ ಎಷ್ಟು ವರ್ಷ ಕಾಯಬೇಕಾಗುತ್ತದೆಂದು ಬಲ್ಲ ಬೆಂಗಳೂರಿಗರಿಗೆ ಇದರ ಬೆಲೆಯನ್ನು ವಿವರಿಸಬೇಕಿಲ್ಲ. ಅದೇ ಕಾಲದಲ್ಲಿ ನಮ್ಮ ಊರಿನಲ್ಲಿ ಸರ್ಕಾರಿ ಕಾರ್ಖಾನೆಗಳಾದ ಐಟಿಐ, ಎಚ್‌ಎಂಟಿ, ಬಿಇಎಲ್‌ಗಳು ಏಳುತ್ತಿದ್ದವು, 1956ರಲ್ಲಿ ಜರ್ಮನಿಯ ಎಇಜಿ ಕಂಪನಿಯ ಸಹಯೋಗದೊಡನೆ ವಿದ್ಯುತ್ ಉಪಕರಣಗಳ ಕಾರ್ಖಾನೆ ಎನ್‌ಜಿಇಎಫ್ ಹುಟ್ಟಿತು.

ಕೆಡುಕು ಒಳಗಿನಿಂದಲೇ ಬಂತು. 1956ರಲ್ಲಿ ಈ ಕಂಪನಿಗಳನ್ನು ನೋಡಿಕೊಳ್ಳಲೆಂದೇ ಒಂದು ಸಚಿವಾಲಯ ಸ್ಥಾಪನೆಯಾಯಿತು. ಮುಂದಿನ ದಶಕಗಳಲ್ಲಿ ಆಡಳಿತ ಮಂಡಳಿಯ ಕುರ್ಚಿಗಳು ಪಕ್ಷಗಳ ನಡುವೆ ಹಂಚಿಹೋದವು. ಬಡ ದಕ್ಷಿಣದಲ್ಲಿ ಹೂಡಿಕೆ ಮಾಡಬೇಕೆಂದು ಕಾನೂನೇ ಬಂತು. ಆ ಉದ್ದೇಶವನ್ನು ನಾನು ಹಳಿಯಲಾರೆ. ತಾರಾಂತೊದ ಉಕ್ಕಿನ ಕಾರ್ಖಾನೆ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿತು. ಆದರೆ ನಷ್ಟದ ಯಾವ ಪಾಲು ಸಾಮಾಜಿಕ ಹೊಣೆಯಿಂದ ಬಂದದ್ದು, ಯಾವುದು ಅದಕ್ಷತೆಯಿಂದ ಬಂದದ್ದು ಎಂದು ಬೇರ್ಪಡಿಸುವ ಲೆಕ್ಕವನ್ನು ಯಾರೂ ಇಡಲಿಲ್ಲ. ಸರ್ಕಾರ ವರ್ಷಕ್ಕೊಮ್ಮೆ ಹಣ ತುಂಬುತ್ತ ಹೋಯಿತು, ಮುಚ್ಚಬೇಕಾದ ಖಾಸಗಿ ಕಂಪನಿಗಳೂ ಬಂದು ಇದರ ಮಡಿಲಿಗೇ ಬಿದ್ದವು. 1980ರ ಹೊತ್ತಿಗೆ 5 ಲಕ್ಷಕ್ಕೂ ಹೆಚ್ಚು ನೌಕರರು. ಕ್ರಿಸ್‌ಮಸ್ ಕೇಕನ್ನು ಕೂಡ ಸರ್ಕಾರಿ ಕಂಪನಿಯೇ ಮಾಡುತ್ತಿತ್ತು.

1982ರಲ್ಲಿ ಅಧ್ಯಕ್ಷರಾಗಿ ಬಂದ ಅರ್ಥಶಾಸ್ತ್ರದ ಪ್ರಾಧ್ಯಾಪಕ ರೊಮಾನೊ ಪ್ರೋದಿ ಮಾರಾಟ ಆರಂಭಿಸಿದರು. 1986ರಲ್ಲಿ ಆಲ್ಫಾ ರೋಮಿಯೊ ಫಿಯೆಟ್ ಪಾಲಾಯಿತು. 1992ರಲ್ಲಿ ಐಆರ್‌ಐಯನ್ನು ಷೇರು ಕಂಪನಿಯಾಗಿ ಬದಲಾಯಿಸಲಾಯಿತು. ಮರುವರ್ಷ ಯುರೋಪಿಯನ್ ಆಯೋಗದೊಡನೆ ಒಪ್ಪಂದವಾಯಿತು: ಸರ್ಕಾರ ಇನ್ನು ಮಿತಿಯಿಲ್ಲದೆ ಇದರ ಸಾಲಕ್ಕೆ ಹೊಣೆ ನಿಲ್ಲುವಂತಿಲ್ಲ, ಸಾಲ ಇಳಿಯಲೇಬೇಕು. ಅಲ್ಲಿಂದ ಮುಂದೆ ಗಡಿಯಾರವನ್ನು ಎದುರಿಗಿಟ್ಟುಕೊಂಡೇ ಮಾರಾಟ ನಡೆಯಿತು. ಬ್ಯಾಂಕುಗಳು, ಆಹಾರ ಕಂಪನಿಗಳು, 1995ರಲ್ಲಿ ಉಕ್ಕು, 1997ರಲ್ಲಿ ದೂರವಾಣಿ, 1999ರಲ್ಲಿ ಹೆದ್ದಾರಿ. 2000ದ ಜೂನ್‌ನಲ್ಲಿ ಐಆರ್‌ಐಯನ್ನೇ ಸಮಾಪನೆಗೆ, ಅಂದರೆ ಲೆಕ್ಕ ತೀರಿಸಿ ಮುಚ್ಚುವ ಕ್ರಮಕ್ಕೆ, ಒಪ್ಪಿಸಿದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಕೇಕ್ ಕಂಪನಿ ಮಾರಿದ್ದರಿಂದ ಇಟಲಿಯ ಯಾವ ಪ್ರಜೆಗೂ ನಷ್ಟವಾಗಲಿಲ್ಲ. ನಮ್ಮ ಸರ್ಕಾರವೂ ಮಾಡರ್ನ್ ಬ್ರೆಡ್ ತಯಾರಿಸುತ್ತಿತ್ತಲ್ಲ. ಅದನ್ನು 2000ದಲ್ಲಿ ಹಿಂದೂಸ್ತಾನ್ ಲಿವರ್‌ಗೆ ಮಾರಿತು. ಬ್ರೆಡ್ಡು ಹಿಡಿಸದಿದ್ದರೆ ಪಕ್ಕದ ಅಯ್ಯಂಗಾರ್ ಬೇಕರಿಗೆ ಹೋಗಬಹುದು. ಇಂಥ ಮಾರಾಟದ ಬಗ್ಗೆ ನನಗೆ ತಕರಾರಿಲ್ಲ. ಫಿನ್‌ಮೆಕ್ಕಾನಿಕಾ ಕೂಡ ಇಂದು ಲಿಯೊನಾರ್ಡೊ ಎಂಬ ಹೆಸರಿನಲ್ಲಿ ಗಟ್ಟಿಯಾಗಿ ನಿಂತಿದೆ. ಅಲ್ಲಿ ಸರ್ಕಾರ ಸುಮಾರು ಶೇ 30ರ ಪಾಲನ್ನು ಉಳಿಸಿಕೊಂಡಿದೆ.

ದೂರವಾಣಿಯ ಕಥೆ ಬೇರೆ. ಮಾರಿದ ಎರಡೇ ವರ್ಷಕ್ಕೆ, 1999ರಲ್ಲಿ, ಒಲಿವೆಟ್ಟಿ ಕಂಪನಿ ಭಾರಿ ಸಾಲ ಮಾಡಿ ಟೆಲಿಕಾಂ ಇಟಾಲಿಯಾವನ್ನು ವಶಪಡಿಸಿಕೊಂಡಿತು. ಕೊಳ್ಳಲು ಮಾಡಿದ ಸಾಲ ಕೊನೆಗೆ ಟೆಲಿಕಾಂ ಇಟಾಲಿಯಾದ ತಲೆಯ ಮೇಲೆಯೇ ಕುಳಿತಿತು. ತಾರಾಂತೊದ ಉಕ್ಕಿನ ಕಾರ್ಖಾನೆಯನ್ನು ಮಾಲಿನ್ಯದ ಕಾರಣಕ್ಕೆ 2012ರಲ್ಲಿ ನ್ಯಾಯಾಲಯ ಜಪ್ತಿ ಮಾಡಿತು. ಮರುವರ್ಷ ಸರ್ಕಾರವೇ ಅಲ್ಲಿಗೆ ಆಡಳಿತಾಧಿಕಾರಿಯನ್ನು ಕಳುಹಿಸಬೇಕಾಯಿತು.

ಹೆದ್ದಾರಿಯ ಬಳಿ ಮಾತ್ರ ನಾನು ನಿಲ್ಲಲೇಬೇಕು. ಹೆದ್ದಾರಿ ಕಂಪನಿಯ ಶೇ 30ರ ಮುಖ್ಯ ಪಾಲು ಬೆನೆಟ್ಟನ್ ಕುಟುಂಬದ ನೇತೃತ್ವದ ಗುಂಪಿಗೆ ಹೋಯಿತು, ಟೋಲ್ ವಸೂಲಿಯ ಹಕ್ಕು 2038ರವರೆಗೆ. ಜಿನೋವಾದಲ್ಲಿ ಆ ಕಂಪನಿ ನಡೆಸುತ್ತಿದ್ದ ಇನ್ನೊಂದು ಹೆದ್ದಾರಿಯ ಮೇಲೆ ಮೊರಾಂಡಿ ಸೇತುವೆ ಇತ್ತು. ಅದನ್ನು ಹಿಡಿದಿದ್ದ ಉಕ್ಕಿನ ಕೇಬಲ್‌ಗಳು ಕಾಂಕ್ರೀಟಿನ ಒಳಗೆ ಹುದುಗಿದ್ದವು, ಕಣ್ಣಿಗೆ ಕಾಣುವಂತಿರಲಿಲ್ಲ. ಸಮುದ್ರದ ಗಾಳಿ ಸೇತುವೆಯನ್ನು ತಿನ್ನುತ್ತಿದೆಯೆಂದು ಅದನ್ನು ವಿನ್ಯಾಸ ಮಾಡಿದ ಎಂಜಿನಿಯರ್ ಮೊರಾಂಡಿಯೇ ಎಚ್ಚರಿಸಿದ್ದರು. 1990ರ ದಶಕದ ಆರಂಭದಲ್ಲಿ, ಕಂಪನಿ ಇನ್ನೂ ಐಆರ್‌ಐ ಕೈಯಲ್ಲಿದ್ದಾಗ, 11ನೇ ಕಂಬದ ಕೇಬಲ್‌ಗಳ ಪಕ್ಕದಲ್ಲಿ ಹೊಸ ಉಕ್ಕಿನ ಕೇಬಲ್ ಹಾಕಿ ಬಲಪಡಿಸಿದರು. 9ನೇ ಕಂಬಕ್ಕೆ ಆ ಕೆಲಸ ಆಗಲಿಲ್ಲ. ಮಾರಾಟದ ನಂತರ ಸೇತುವೆಯನ್ನು ಪರೀಕ್ಷಿಸುತ್ತಿದ್ದ ಎಂಜಿನಿಯರಿಂಗ್ ಕಂಪನಿ ಅದೇ ಸಮೂಹಕ್ಕೆ ಸೇರಿದ್ದಾಗಿತ್ತು. 2018ರ ಆಗಸ್ಟ್ 14ರಂದು 9ನೇ ಕಂಬ ಕುಸಿಯಿತು. 43 ಜನ ಸತ್ತರು. 2022ರಲ್ಲಿ ಸರ್ಕಾರಿ ಹಣಕಾಸು ಸಂಸ್ಥೆಯ ನೇತೃತ್ವದ ಕೂಟ ಆ ಕಂಪನಿಯನ್ನು ದುಡ್ಡು ಕೊಟ್ಟು ಮರಳಿ ಕೊಂಡಿತು.

ಖಾಸಗಿಯವರು ಕೊಂಡದ್ದರಿಂದಲೇ ಸೇತುವೆ ಬಿತ್ತು ಎಂದು ನಾನು ಹೇಳುತ್ತಿಲ್ಲ. ಐಆರ್‌ಐ ಕೂಡ ಒಂದೇ ಕಂಬಕ್ಕೆ ಪೂರ್ತಿ ಚಿಕಿತ್ಸೆ ಮಾಡಿತ್ತು. ಆದರೆ ದಾರಿಹೋಕನಿಗೆ ಬೇರೆ ದಾರಿಯಿಲ್ಲದ ಆಸ್ತಿಯನ್ನು ಮಾರುವಾಗ, ಅದನ್ನು ತಟ್ಟಿ ನೋಡಿ ಸರಿಯಿಲ್ಲವೆಂದು ಹೇಳಬಲ್ಲ ತಜ್ಞರನ್ನು ಸರ್ಕಾರ ತನ್ನ ಬಳಿ ಉಳಿಸಿಕೊಳ್ಳಬೇಕಿತ್ತು. ಸರ್ಕಾರಿ ಅಲ್ಯೂಮಿನಿಯಂ ಕಂಪನಿ ಬಾಲ್ಕೊ ಮಾರಿದಾಗಿನಿಂದ ಏರ್ ಇಂಡಿಯಾ ಮಾರುವವರೆಗೆ ನಮ್ಮಲ್ಲಿ ಚರ್ಚೆಯೆಲ್ಲ ಬೆಲೆ ಮತ್ತು ನೌಕರಿಯ ಸುತ್ತಲೇ ನಡೆಯಿತು. ಅವೂ ದೊಡ್ಡ ಪ್ರಶ್ನೆಗಳೇ. ಮಾರಿದ ಮೇಲೆ ಪರೀಕ್ಷಿಸುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು ಎಂದು ನಮ್ಮ ಪತ್ರಿಕೆಯೂ ಕೇಳಲಿಲ್ಲ. ಆ ಲೋಪ ನನ್ನದು.

ಹಗುರಾದದ್ದು ಇಟಲಿಯ ಖಜಾನೆಗೆ, ಅದೂ ಕೆಲವು ವರ್ಷ. ಹೊರೆಯ ಒಂದು ಪಾಲು ತಾರಾಂತೊದ ಮನೆಗಳಿಗೂ ಜಿನೋವಾದ 43 ಕುಟುಂಬಗಳಿಗೂ ಹೋಯಿತು.

ನಿಮ್ಮ ಪತ್ರದ ಕೊನೆಯಲ್ಲಿ, ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದದ್ದನ್ನು ನಾನು ಎರಡು ಬಾರಿ ಓದಿದೆ: ನಿಮ್ಮ ಟೂಲ್ ರೂಮಿನಲ್ಲಿ ಅಪ್ರೆಂಟಿಸ್ ಆಗಿದ್ದ ಮೂವರು ಇಂದು ಪೀಣ್ಯದಲ್ಲಿ ಸ್ವಂತ ವರ್ಕ್‌ಶಾಪ್ ನಡೆಸುತ್ತಿದ್ದಾರೆ, ಈಗಲೂ ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು) ಕೈಕೊಟ್ಟಾಗ ನಿಮಗೆ ಫೋನ್ ಮಾಡುತ್ತಾರೆ. ನಿಮ್ಮನ್ನು ಭಾರವೆಂದು ಬರೆದ ಲೆಕ್ಕದ ಪುಸ್ತಕದಲ್ಲಿ ಆ ಮೂವರಿಗೆ ಜಾಗವಿರಲಿಲ್ಲ. ಅವರ ಬಗ್ಗೆ, ಆ ಟೂಲ್ ರೂಮಿನ ಬಗ್ಗೆ ನೀವು ಬರೆದುಕೊಡಬೇಕು. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ತೆಗೆದಿರಿಸಿದ್ದೇನೆ.

— ಸಂಪಾದಕ